ಹಳೆಯ ಕಾರಿಗೆ ಬದಲಿ ಇರುಸು: ಆಯ್ಕೆಯ ವಿವೇಕ

ಕಳೆದ ಮಳೆಗಾಲದ ಕೊನೆಯಲ್ಲಿ ಆಗುಂಬೆ ಘಾಟಿಯನ್ನು ಏರುತ್ತಿದ್ದಾಗ ನನ್ನ ಹಳೆಯ ಅಂಬಾಸಿಡರ್ ಕಾರಿನ ಹಿಂಭಾಗದಿಂದ ಗುಂಯ್‌ಗುಡುವ ಸದ್ದು ಆರಂಭವಾಯಿತು. ನಾಲ್ಕಾರು ತಿರುವು ದಾಟುವಷ್ಟರಲ್ಲಿ ಅದು ಕಟಕಟ ಸದ್ದಾಗಿ ಕಾರು ನಿಂತೇ ಹೋಯಿತು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ಪಿನಿಯನ್ ಬೇರಿಂಗ್ ಪುಡಿಯಾಗಿತ್ತು. ಕ್ರೌನ್ ಚಕ್ರದ ಹಲ್ಲುಗಳು ಮುಕ್ಕಾಗಿದ್ದವು. ತಪ್ಪು ನನ್ನದೇ. ಸೀಲಿನಿಂದ ಎಣ್ಣೆ ಸೋರುತ್ತಿದೆಯೆಂದು ಅಂಗಳದ ಕಲ್ಲಿನ ಮೇಲಿನ ಕಪ್ಪು ಕಲೆ ತಿಂಗಳುಗಟ್ಟಲೆ ಹೇಳುತ್ತಿತ್ತು, ನಾನು ಕಿವಿಗೊಡಲಿಲ್ಲ.

ಪರಿಸರ ಪತ್ರಿಕೆಯಲ್ಲಿ ಕಾರಿನ ಇರುಸಿನ ಪುರಾಣವೇಕೆ ಎಂದು ಓದುಗರು ಕೇಳಬಹುದು. ಕಬ್ಬಿಣ ಎಲ್ಲಿಂದ ಬರುತ್ತದೆ ಎಂಬುದನ್ನು ನಮ್ಮಷ್ಟು ಹತ್ತಿರದಿಂದ ಕಂಡವರು ಕಡಿಮೆ ಎಂಬುದೇ ಅದಕ್ಕೆ ಉತ್ತರ. ಕುದುರೆಮುಖದ ಬೆಟ್ಟಗಳನ್ನು ಕಡಿದು, ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದ್ದನ್ನು ಈ ಸೀಮೆ ನೋಡಿದೆ. ಉಳಿದ ಹೂಳನ್ನು ಹಿಡಿದಿಡಲು ಕಟ್ಟಿದ ಲಖ್ಯಾ ಅಣೆಕಟ್ಟು ಇಂದಿಗೂ ಅಲ್ಲಿದೆ. ಸುಪ್ರೀಂ ಕೋರ್ಟಿನ 2002ರ ಆದೇಶದ ಫಲವಾಗಿ 2005ರ ಡಿಸೆಂಬರ್ 31ಕ್ಕೆ ಆ ಗಣಿ ನಿಂತಿತು. ಗಣಿ ಬೇಡವೆಂದವರು ನಾವು. ಆದರೆ ಕಬ್ಬಿಣ ಬೇಡವೆಂದು ನಮ್ಮಲ್ಲಿ ಯಾರೂ ಹೇಳಿಲ್ಲ. ಹಾಗಿರುವಾಗ ಈಗಾಗಲೇ ಅಗೆದು, ಕರಗಿಸಿ, ಎರಕ ಹೊಯ್ದ ಕಬ್ಬಿಣವನ್ನು ಎಷ್ಟು ಕಾಲ ದುಡಿಸಿಕೊಳ್ಳುತ್ತೇವೆ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಇತರರಿಗಿಂತ ನಮ್ಮ ಮೇಲೆ ಹೆಚ್ಚಾಗಿದೆ. ಅದಿರಿನಿಂದ ಒಂದು ಟನ್ ಉಕ್ಕು ತಯಾರಿಸುವಾಗ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ನನ್ನ ಮುಂದೆ ಮೂರು ದಾರಿಗಳಿದ್ದವು. ಇದ್ದ ಹೌಸಿಂಗಿಗೇ ಹೊಸ ಕ್ರೌನ್-ಪಿನಿಯನ್ ಜೋಡಿ ಮತ್ತು ಬೇರಿಂಗುಗಳನ್ನು ಕೂರಿಸುವುದು ಮೊದಲನೆಯದು. ಗುಜರಿಯಿಂದ ಅದೇ ಮಾದರಿಯ ಕಾರಿನ ಇಡೀ ಇರುಸನ್ನು ತರುವುದು ಎರಡನೆಯದು. ಬೇರೊಂದು ಜಾತಿಯ, ಈಚಿನ ವಾಹನದ ಇರುಸನ್ನು ಕಡಿದು, ಬೆಸೆದು ಹೊಂದಿಸುವುದು ಮೂರನೆಯದು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿರುವುದರಿಂದ ಬಿಡಿಭಾಗಗಳಿಗೆ ಅಲೆಯಬೇಕು. ಆದ್ದರಿಂದ ಗ್ಯಾರೇಜಿನ ಹುಡುಗರ ಒಲವು ಮೂರನೆಯ ದಾರಿಯ ಕಡೆಗಿತ್ತು. ‘ಗಟ್ಟಿಯೂ ಹೌದು, ಓಟವೂ ಜಾಸ್ತಿ ಸಾರ್’ ಎಂಬುದು ಅವರ ವಾದ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಆಗ ನೆನಪಾದದ್ದು ಕಾಳುಮೆಣಸಿನ ಕಸಿ. ಸೊರಗು ರೋಗ ತಡೆಯುವ ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ನಮ್ಮ ಮೆಣಸಿನ ಕುಡಿಯನ್ನು ಕಟ್ಟಿದಾಗ ಮೊದಲ ವರ್ಷಗಳಲ್ಲಿ ಬಳ್ಳಿ ಸೊಂಪಾಗಿಯೇ ಇರುತ್ತದೆ. ಆದರೆ ಹಿಪ್ಪಲಿಗೆ ಬೇಸಿಗೆಯಲ್ಲೂ ತೇವ ಬೇಕು. ಕೆಲವೆಡೆ ವರ್ಷಗಳು ಕಳೆದ ಮೇಲೆ ಬೆಸುಗೆಯೇ ಸೋಲುತ್ತದೆ. ಬುಡ ಗಟ್ಟಿಯಾಗಿದ್ದ ಮಾತ್ರಕ್ಕೆ ಕಸಿ ಕೂಡಿಬರುವುದಿಲ್ಲ. ಇರುಸಿನ ಕಸಿಗೂ ಇದೇ ನಿಯಮ. ಎರಡು ಚಕ್ರಗಳ ನಡುವಿನ ಅಂತರ, ಸ್ಪ್ರಿಂಗ್ ಪಟ್ಟಿಗಳು ಕೂರುವ ಜಾಗ, ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜ್ ಮತ್ತು ಕೋನ, ಚಕ್ರದ ಬೋಲ್ಟುಗಳ ವೃತ್ತ, ಬ್ರೇಕ್ ಡ್ರಮ್ಮಿನ ಅಳತೆ ಇವೆಲ್ಲವೂ ಹೊಂದಬೇಕು. ಹಿಂದಿನ ಬ್ರೇಕಿನ ಬಲ ಬದಲಾದರೆ ಮುಂದಿನ ಬ್ರೇಕಿನೊಡನೆ ಇದ್ದ ಸಮತೋಲ ಕೆಡುತ್ತದೆ. ಅದು ತಿಳಿಯುವುದು ಮಳೆಯಲ್ಲಿ, ಇಳಿಜಾರಿನ ತಿರುವಿನಲ್ಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಹಲ್ಲುಗಳ ಅನುಪಾತ. ಪಿನಿಯನ್ನಿಗೆ 8 ಹಲ್ಲು, ಕ್ರೌನ್ ಚಕ್ರಕ್ಕೆ 39 ಹಲ್ಲು ಇದ್ದರೆ ಅನುಪಾತ 4.875. ಅಂದರೆ ಶಾಫ್ಟು ಸುಮಾರು ಐದು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಇದರ ಬದಲಿಗೆ 10 ಮತ್ತು 43 ಹಲ್ಲಿನ, 4.3 ಅನುಪಾತದ ಇರುಸನ್ನು ಹಾಕಿದರೆ ಬಯಲಿನ ಹೆದ್ದಾರಿಯಲ್ಲಿ ಎಂಜಿನ್ ನಿರಾಳವಾಗಿ ಓಡುತ್ತದೆ. ಆದರೆ ಅದೇ ಗೇರಿನಲ್ಲಿ ಚಕ್ರಕ್ಕೆ ದೊರಕುವ ತಿರುಚುಬಲ ಸುಮಾರು ಶೇಕಡ 12ರಷ್ಟು ಕುಗ್ಗುತ್ತದೆ. ಘಾಟಿ ಏರುವಾಗ ಕ್ಲಚ್ ಸುಡುತ್ತದೆ. ಇಳಿಯುವಾಗ ಎಂಜಿನ್ನಿನ ತಡೆ ಕಡಿಮೆಯಾಗಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ವೇಗಮಾಪಕ 40 ಎಂದು ತೋರಿಸುವಾಗ ಕಾರು 45ರಲ್ಲಿ ಓಡುತ್ತಿರುತ್ತದೆ. ಬಯಲಿಗೆ ಒಪ್ಪಿದ್ದೆಲ್ಲ ಬೆಟ್ಟಕ್ಕೆ ಒಪ್ಪುವುದಿಲ್ಲ ಎಂಬ ಮಾತನ್ನು ಅಭಿವೃದ್ಧಿ ಯೋಜನೆಗಳ ವಿಷಯದಲ್ಲಿ ನಾವು ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ನಮ್ಮ ಕಾರಿನ ವಿಷಯದಲ್ಲಿಯೂ ಅದನ್ನು ಪಾಲಿಸಬೇಡವೇ?

ಗುಜರಿಯಲ್ಲಿ ಅನುಪಾತವನ್ನು ತಿಳಿಯಲು ವಿಶೇಷ ಉಪಕರಣವೇನೂ ಬೇಡ. ಇರುಸಿನ ಒಂದು ಬದಿ ತಿರುಗದಂತೆ ಹಿಡಿದು, ಇನ್ನೊಂದು ಬದಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪಿನಿಯನ್ನಿನ ತುದಿ ಎಷ್ಟು ಸುತ್ತು ತಿರುಗಿತೆಂದು ಎಣಿಸಿದರೆ ಅದೇ ಅನುಪಾತ. ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಬೇಕು. ಲೋಹದ ಚೂರು ಮಿಂಚಿದರೆ ಆ ಇರುಸು ಬೇಡ. ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿದಾಗ ಗುರುತು ಹಲ್ಲಿನ ನಡುಭಾಗದಲ್ಲಿ ಬೀಳಬೇಕು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ಹೊಂದಿಸಿದ ಭಾಗಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಬಾರದು. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರಬಹುದು. ಆದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹಾಯಿಸಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗ್ಯಾರೇಜಿನ ಎಳೆಯರ ಶ್ವಾಸಕೋಶ ಯಾವ ಬಿಡಿಭಾಗಕ್ಕಿಂತಲೂ ಬೆಲೆಬಾಳುವಂಥದ್ದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಹದಿನೈದು ವರ್ಷ ದಾಟಿದ ಕಾರನ್ನು ಮರುನೋಂದಣಿಗೆ ಒಯ್ಯುವವರು ಇದನ್ನು ಮರೆಯಬಾರದು. ಅದೇ ಮಾದರಿಯ ಇರುಸಾದರೆ ಈ ತೊಡಕಿಲ್ಲ.

ಹಳೆಯದನ್ನೆಲ್ಲ ಉಳಿಸಿಕೊಳ್ಳುವುದೇ ಪರಿಸರಪ್ರೇಮ ಎಂದು ನಾನು ಹೇಳುತ್ತಿಲ್ಲ. ಕಪ್ಪು ಹೊಗೆ ಕಾರುವ ಎಂಜಿನ್ನಿನ ಹಿಂದೆ ಒಳ್ಳೆಯ ಇರುಸನ್ನು ಕೂರಿಸುವುದು ಕೊಳೆತ ಬುಡಕ್ಕೆ ಚಿಗುರು ಕಟ್ಟಿದಂತೆ. ದಿನವೂ ನೂರಾರು ಕಿಲೋಮೀಟರ್ ಓಡುವ ಹಳೆಯ ವಾಹನ ಉಳಿಸಿದ ಉಕ್ಕಿನ ಪುಣ್ಯವನ್ನು ಇಂಧನದಲ್ಲಿ ಬೇಗನೆ ಕಳೆದುಕೊಳ್ಳುತ್ತದೆ. ನನ್ನ ಕಾರು ವಾರಕ್ಕೆರಡು ಬಾರಿ ಬಸ್ಸಿಲ್ಲದ ಹಳ್ಳಿಗಳಿಗೆ ಸಸಿ, ಮಣ್ಣಿನ ಮಾದರಿ ಹೊತ್ತು ಓಡುತ್ತದೆ. ಹೊಗೆ ಪರೀಕ್ಷೆಯಲ್ಲಿ ಇದುವರೆಗೆ ತೇರ್ಗಡೆಯಾಗಿದೆ. ಅದು ಸೋತ ದಿನ ನಾನೇ ಅದನ್ನು ಗುಜರಿಗೆ ಒಪ್ಪಿಸುವೆ.

ಹೊಸ ಕ್ರೌನ್-ಪಿನಿಯನ್ ಜೋಡಿ ಎಲ್ಲಿಯೂ ದೊರಕದ್ದರಿಂದ ಕೊನೆಗೆ ಎರಡನೆಯ ದಾರಿಯನ್ನೇ ಹಿಡಿದೆ. ಅದೇ ಮಾದರಿಯ, ಅದೇ ಅನುಪಾತದ ಇರುಸನ್ನು ತಂದು, ಬೇರಿಂಗ್ ಮತ್ತು ಸೀಲುಗಳನ್ನು ಮಾತ್ರ ಹೊಸದಾಗಿ ಹಾಕಿಸಿದೆ. ಬಸಿದ ಹಳೆಯ ಎಣ್ಣೆಯನ್ನು ಗ್ಯಾರೇಜಿನ ಹಿಂದಿನ ಹಳ್ಳಕ್ಕೆ ಚೆಲ್ಲಲು ಬಿಡದೆ ಡಬ್ಬಿಯಲ್ಲಿ ತುಂಬಿಸಿ, ಬಳಸಿದ ಎಣ್ಣೆ ಕೊಳ್ಳುವವರಿಗೆ ಕೊಟ್ಟೆ. ಈಗ ಅಂಗಳದ ಕಲ್ಲಿನ ಮೇಲೆ ಕಲೆಯಿಲ್ಲ. ಆದರೂ ಪ್ರತಿ ಬೆಳಿಗ್ಗೆ ಬಗ್ಗಿ ನೋಡುತ್ತೇನೆ. ಓದುಗರೂ ತಮ್ಮ ಅಂಗಳದ ಕಲ್ಲನ್ನೊಮ್ಮೆ ನೋಡಲಿ. ಸಕಾಲದಲ್ಲಿ ಬದಲಿಸಿದ ಒಂದು ಸೀಲು ಇಡೀ ಇರುಸನ್ನು ಉಳಿಸುತ್ತದೆ. ಉಳಿದ ಪ್ರತಿ ಇರುಸಿನ ಲೆಕ್ಕದಲ್ಲಿ ಎಲ್ಲೋ ಒಂದು ಬೆಟ್ಟದ ಹಿಡಿ ಮಣ್ಣು ತನ್ನ ಜಾಗದಲ್ಲಿಯೇ ಉಳಿಯುತ್ತದೆ.