ಬಿಯರಿಗೆ ಗೌರವ ತಂದ ಲೇಖಣಿ

ಮೈಕೇಲ್ ಜಾಕ್ಸನ್ ಎಂದೊಡನೆ ವಾಚಕರಿಗೆ ಅಮೆರಿಕದ ಗಾಯಕನ ನೆನಪಾಗುವುದು ಸಹಜ. ನಾವಿಲ್ಲಿ ಸ್ಮರಿಸುವುದು ಅದೇ ಹೆಸರಿನ ಆಂಗ್ಲ ಪತ್ರಕರ್ತರನ್ನು. 1942ರಲ್ಲಿ ಜನಿಸಿ 2007ರಲ್ಲಿ ನಿಧನರಾದ ಈ ಮಹನೀಯರು 16ನೆಯ ವಯಸ್ಸಿಗೇ ಶಾಲೆ ತೊರೆದು ಪತ್ರಿಕಾವೃತ್ತಿಗೆ ಬಂದವರು. (ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮಗೆ ಇದರಿಂದ ತುಸು ಧೈರ್ಯ ಬಂದುದುಂಟು!)

ದ್ರಾಕ್ಷಾಮದ್ಯಕ್ಕೆ ಪಂಡಿತರಿದ್ದರು, ಬಿಯರು ಮಾತ್ರ ಕೂಲಿಕಾರರ ಪಾನೀಯವೆಂದು ಉಪೇಕ್ಷಿತವಾಗಿತ್ತು. ಬೆಲ್ಜಿಯಂ ದೇಶದ ಕ್ರೈಸ್ತ ಮಠಗಳಲ್ಲಿ ಸಂನ್ಯಾಸಿಗಳು ತಯಾರಿಸುವ ಬಿಯರನ್ನೂ ಬಿಡದೆ, ಬಗೆಬಗೆಯ ಬಿಯರುಗಳನ್ನು ವಿಂಗಡಿಸಿ, ಜಾಕ್ಸನ್ನರು 1977ರಲ್ಲಿ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಗ್ರಂಥವನ್ನು ಪ್ರಕಟಿಸಿದರು. 1989ರ ಇನ್ನೊಂದು ಗ್ರಂಥದಲ್ಲಿ ಮಾಲ್ಟ್ ವಿಸ್ಕಿಗಳಿಗೆ ನೂರಕ್ಕೆ ಇಷ್ಟೆಂದು ಅಂಕಗಳನ್ನೇ ಕೊಟ್ಟರು.

ನಾವು ಮದ್ಯಪಾನದ ಪಕ್ಷಪಾತಿಗಳಲ್ಲ. ಗಲ್ಲಾದ ಮುಂದೆ ಕುಳಿತು, ಸಂಬಳದ ದಿನವೇ ಬರಿಗೈಯಾದವರನ್ನು ಎಷ್ಟೋ ಮಂದಿ ಕಂಡಿದ್ದೇವೆ. ಆದರೂ ತಯಾರಕನ ಕೈಗುಣವನ್ನು ಗುರುತಿಸಿ, ಊರುಹೆಸರು ಸಹಿತ ಬರೆದಿಟ್ಟ ಆ ನಿಷ್ಠೆಗೆ ತಲೆಬಾಗುತ್ತೇವೆ. ಬಾರ್ಲಿ ಹುದುಗುವ ಹದವನ್ನು ಅರಿತವನಿಗೆ ಅಲ್ಲಿ ಒಬ್ಬ ಲೇಖಕ ದೊರೆತನು. ಡಿಕಾಕ್ಷನ್ನಿನ ಹದವನ್ನು ವಾಸನೆಯಿಂದಲೇ, ದೋಸೆಹಿಟ್ಟಿನ ಹುಳಿಯನ್ನು ಬೆರಳತುದಿಯಿಂದಲೇ ತಿಳಿಯುವ ನಮ್ಮ ಅಡಿಗೆಭಟ್ಟರ ವಿದ್ಯೆಯನ್ನು ಬರೆದವರಾರು? ಅವರ ಕೈಯಡಿಗೆಯಿಂದಲೇ ಹೋಟೆಲು ನಡೆಸಿ ಬದುಕಿದ ನಾವೂ ಇದುವರೆಗೆ ಬರೆಯಲಿಲ್ಲ.