ಹೆಣೆದವಳು ನಾನು, ಬರೆದವಳು ಯಾರು?

ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕಿತೆಂದರೆ ನಾನು ಬ್ಯಾಗಿನಿಂದ ನೋಟ್ಸ್ ತೆಗೆಯುವುದಿಲ್ಲ. ಕ್ರೋಶಾ ಕಡ್ಡಿ ಮತ್ತು ಉಲ್ಲನ್ ಉಂಡೆ ತೆಗೆಯುತ್ತೇನೆ. ಕಾಲೇಜು ಬರುವುದರೊಳಗೆ ಒಂದು ತೋಳೋ ಒಂದು ಟೊಪ್ಪಿಗೆಯೋ ಮುಗಿದಿರುತ್ತದೆ. ಕಳೆದ ವರ್ಷ ಒಂದು ದಿನ ಪಕ್ಕದಲ್ಲಿ ಕುಳಿತಿದ್ದ ಅಜ್ಜಾರು ನನ್ನ ಕೈಯಲ್ಲಿದ್ದ ಕೆಂಪು ಅಂಗಿ, ಕೆಂಪು ಟೊಪ್ಪಿಗೆ, ಕಪ್ಪು ಮೀಸೆಯ ಗೊಂಬೆಯನ್ನು ಬಹಳ ಹೊತ್ತು ನೋಡಿ, 'ಇಂವಾ ಯಾರವಾ, ರೈಲ್ವೆ ಸ್ಟೇಷನ್ನಿನ ಹಮಾಲನೇನು?' ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನ ಪುಟ್ಟ ಹುಡುಗ ಕೂಗಿದ: 'ಮಾರಿಯೊ!'

ಹೌದು, ಮಾರಿಯೊ. 1981ರಲ್ಲಿ 'ಡಾಂಕಿ ಕಾಂಗ್' ಆಟದಲ್ಲಿ ಮೊದಲ ಸಲ ಕಾಣಿಸಿಕೊಂಡ, ಜಪಾನಿನ ನಿಂಟೆಂಡೊ ಕಂಪನಿಯ ಮಾರಿಯೊ. ನನಗೆ ಅವನ ಪರಿಚಯವಾದದ್ದು ಕಾಕಾನ ಮನೆಯಲ್ಲಿ, ಟಿವಿಗೆ ವೈರ್ ಚುಚ್ಚಿ ಆಡುವ ಅಗ್ಗದ ಗೇಮ್ ಡಬ್ಬಿಯಲ್ಲಿ. ಒಂದೇ ಕ್ಯಾಸೆಟ್‌ನಲ್ಲಿ ಸಾವಿರಾರು ಆಟ ಎಂದು ಅದರ ಮೇಲೆ ಬರೆದಿತ್ತು. ಅದು ನಕಲಿ ಮಾಲು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಂದರೆ ನನ್ನ ಬಾಲ್ಯದ ಮಾರಿಯೊ ಮೂಲದಲ್ಲೇ ಕದ್ದ ಮಾರಿಯೊ! ಈ ಲೇಖನ ಬರೆಯುವ ಮುನ್ನ ಇದನ್ನು ಒಪ್ಪಿಕೊಳ್ಳುವುದು ಒಳ್ಳೆಯದು ಅನ್ನಿಸಿತು.

ಉಲ್ಲನ್ನಿನಿಂದ ಹೀಗೆ ಸಣ್ಣ ಗೊಂಬೆ ಹೆಣೆಯುವುದಕ್ಕೆ ಜಪಾನೀಯರು 'ಅಮಿಗುರುಮಿ' ಎನ್ನುತ್ತಾರೆ. ತಲೆಯಿಂದ ಶುರು. ಮೊದಲ ಸುತ್ತಿಗೆ 6 ಹೊಲಿಗೆ, ಎರಡನೆಯದಕ್ಕೆ 12, ಮೂರನೆಯದಕ್ಕೆ 18. ಬೇಕಾದಷ್ಟು ಅಗಲವಾದ ಮೇಲೆ ಹಾಗೆಯೇ ಕೆಲವು ಸುತ್ತು ನಡೆಸಿ, ಮತ್ತೆ ಕಡಿಮೆ ಮಾಡುತ್ತ ಬಂದರೆ ಚೆಂಡಾಗುತ್ತದೆ. ಯಾವ ಸುತ್ತಿನಲ್ಲಿ ಎಷ್ಟು ಹೊಲಿಗೆ, ಎಲ್ಲಿ ಬಣ್ಣ ಬದಲು, ಮೀಸೆ ಎಷ್ಟನೆಯ ಸುತ್ತಿಗೆ ಕೂರಬೇಕು ಎಂದು ಸಾಲು ಸಾಲಾಗಿ ಬರೆದಿಟ್ಟ ಹಾಳೆಯೇ ಪ್ಯಾಟರ್ನ್. ಎಂಜಿನಿಯರಿಂಗ್ ಗೆಳೆಯರಿಗೆ ಹೇಳುವುದಾದರೆ ಪ್ಯಾಟರ್ನ್ ಅಂದರೆ ಕೋಡ್, ಗೊಂಬೆ ಅಂದರೆ ಔಟ್‌ಪುಟ್. ಒಂದು ಸುತ್ತು ತಪ್ಪಿದರೆ ಮಾರಿಯೊನ ಮೂಗು ಕಿವಿಯ ಹತ್ತಿರ ಬರುತ್ತದೆ. ಡೀಬಗ್ ಮಾಡಲು ಇಡೀ ತಲೆಯನ್ನೇ ಬಿಚ್ಚಬೇಕು.

ನನ್ನ ಮಾರಿಯೊ ಪ್ಯಾಟರ್ನ್ ಬಂದದ್ದು ಗೆಳತಿಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್‌ನಿಂದ. ಯಾವುದೋ ದೇಶದ ಮಹಿಳೆಯೊಬ್ಬರು ಬರೆದು ಮಾರಾಟಕ್ಕಿಟ್ಟಿದ್ದ ಪ್ಯಾಟರ್ನ್ ಅದು. ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲಿತ್ತು: ಇದು ನಿಮ್ಮ ಸ್ವಂತ ಬಳಕೆಗೆ, ದಯವಿಟ್ಟು ಫೈಲನ್ನು ಹಂಚಬೇಡಿ. ಓದಿದೆ, ಮುಂದೆ ಹೋದೆ. ಗೊಂಬೆ ನೋಡಿದ ಕ್ಲಾಸ್‌ಮೇಟ್‌ಗಳು ತಮಗೂ ಬೇಕು ಎಂದರು. ಒಂದು ಸೆಮಿಸ್ಟರ್‌ನಲ್ಲಿ 11 ಗೊಂಬೆ, ತಲಾ 400 ರೂಪಾಯಿ. ದುರ್ಗದಬೈಲಿನಲ್ಲಿ ಕೊಂಡ ಉಲ್ಲನ್ನಿನ ಖರ್ಚು ಕಳೆದು ಪರೀಕ್ಷಾ ಶುಲ್ಕಕ್ಕೆ ಅಪ್ಪನ ಹತ್ತಿರ ಕೈ ಚಾಚುವುದು ತಪ್ಪಿತು. 'ನನಗೂ ಹೆಣೆಯೋದು ಕಲಿಯಬೇಕು' ಎಂದವರಿಗೆ ಅದೇ ಪಿಡಿಎಫ್ ಕಳಿಸಿದೆ. ಜೂನಿಯರ್ ಒಬ್ಬಳು 'ಅಕ್ಕಾ, ಇದು ರೊಕ್ಕಾ ಕೊಟ್ಟು ತಗೊಳ್ಳೋದಲ್ಲಾ?' ಎಂದಾಗ ನಾನು ಹೇಳಿದ್ದೇನು ಗೊತ್ತೇ? 'ಅಯ್ಯ, ಅದು ಬರೇ ಪಿಡಿಎಫ್ ಐತಲ್ಲ.'

ಈ ವರ್ಷ ನನ್ನದೇ ಒಂದು ಗೊಂಬೆ ಮಾಡಬೇಕೆಂಬ ಹಟ ಬಂತು. ದಿನಾ ಹತ್ತುವ ಬಸ್ಸಿನ ಹೆಸರೇ ಇರಲಿ ಎಂದು ಚಿಗರಿ ಮಾಡಿದೆ. ತಿರುಚಿದ ಆ ಎರಡು ಕೊಂಬು ನೆಟ್ಟಗೆ ನಿಲ್ಲುವಂತೆ ಮಾಡಲು ಮೂರು ವಾರ ಬೇಕಾಯಿತು. ಏಳು ಸಲ ಬಿಚ್ಚಿದೆ. ಪ್ರತಿ ಸುತ್ತನ್ನೂ ಬರೆದು, ಫೋಟೊ ಹಚ್ಚಿ, ಆರು ಪುಟದ ಪ್ಯಾಟರ್ನ್ ಮಾಡಿ 99 ರೂಪಾಯಿಗೆ ಇಟ್ಟೆ. ಒಂಬತ್ತು ಜನ ಕೊಂಡರು. ಹಿಗ್ಗಿ ಹೋದೆ. ತಿಂಗಳು ಕಳೆಯುವುದರೊಳಗೆ ಸಂಬಂಧವೇ ಇಲ್ಲದ ಒಂದು ಹೆಣಿಗೆ ಗ್ರೂಪಿನಿಂದ ನನ್ನ ಚಿಗರಿ ನನಗೇ ಫಾರ್ವರ್ಡ್ ಆಗಿ ಬಂತು. ಪುಟದ ಕೆಳಗಿದ್ದ ನನ್ನ ಹೆಸರನ್ನು ಕತ್ತರಿಸಿ ಹಾಕಿದ್ದರು. ಮೇಲೆ, 'ಫ್ರೀ ಪ್ಯಾಟರ್ನ್, ಎಲ್ಲರಿಗೂ ಕಳಿಸಿ' ಎಂಬ ಸಾಲು. ಕಳಿಸಿದವಳಿಗೆ ಕೇಳಿದರೆ ಪಾಪ, ಅವಳಿಗೆ ಏನೂ ಗೊತ್ತಿಲ್ಲ. 'ಬರೇ ಪಿಡಿಎಫ್ ಅಲ್ಲೇನ್ರಿ?' ಎಂದಳು.

ನನ್ನದೇ ಮಾತು ತಿರುಗಿ ಬಂದು ಕಪಾಳಕ್ಕೆ ಬಡಿದಂತಾಯಿತು. ಅವತ್ತು ರಾತ್ರಿ ಕುಳಿತು ಕಾನೂನು ಓದಿದೆ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಬರಹವೊಂದು ಹಾಳೆಗೆ ಇಳಿದ ಕ್ಷಣದಿಂದಲೇ ಅದರ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ನಂತರದ 60 ವರ್ಷ ಅದು ನಡೆಯುತ್ತದೆ. ಇದೇ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನೂ 'ಸಾಹಿತ್ಯ ಕೃತಿ' ಎಂದೇ ಪರಿಗಣಿಸುತ್ತದೆ. ನಮ್ಮ ಕೋಡಿಗೆ ಆ ಮರ್ಯಾದೆ ಇದ್ದರೆ, ಹೆಣಿಗೆಯ ಸಾಲುಗಳನ್ನು ಬರೆದವರಿಗೆ ಯಾಕೆ ಬೇಡ? ಆದರೆ ಹಕ್ಕು ಇರುವುದು ಬರೆದ ರೀತಿಗೆ, ಚಿತ್ರಗಳಿಗೆ. 6, 12, 18 ಎಂದು ಸುತ್ತು ಹೆಚ್ಚಿಸುವ ವಿದ್ಯೆಗೆ ಯಾರೂ ಒಡೆಯರಲ್ಲ. ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ವ್ಯಕ್ತಪಡಿಸಿದ ಬಗೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಖಾಸಗಿ ಬಳಕೆಗೆ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಆದ್ದರಿಂದ ತಂಗಿಯ ಹುಟ್ಟುಹಬ್ಬಕ್ಕೆ ಒಂದು ಮಾರಿಯೊ ಹೆಣೆದರೆ ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ. ಹೆಣೆದು ಮಾರಲು ಹೊರಟಾಗ ಮಾತು ಬೇರೆ. ಆ ಮುಖ, ಆ ಹೆಸರು ನಿಂಟೆಂಡೊದ್ದು. ಪಾತ್ರಗಳಿಗೂ ರಕ್ಷಣೆ ಉಂಟು: 'ನಾಗರಾಜ್' ಎಂಬ ಹಿಂದಿ ಕಾಮಿಕ್ಸ್ ನಾಯಕನನ್ನು ಹೋಲುವ 'ನಾಗೇಶ್' ಬಂದಾಗ 1990ರ ದಶಕದಲ್ಲಿ ದೆಹಲಿ ಹೈಕೋರ್ಟ್ ನಾಗರಾಜನ ಪ್ರಕಾಶಕರ ಪರ ನಿಂತಿತ್ತು.

ಅಂದರೆ ನನ್ನ ಒಂದು ಗೊಂಬೆಯ ಹಿಂದೆ ಇಬ್ಬರಿದ್ದರು: ಮುಖದ ಒಡೆಯನಾದ ದೊಡ್ಡ ಕಂಪನಿ, ಹೆಣೆಯುವ ದಾರಿ ಬರೆದ ಒಬ್ಬ ಹೆಂಗಸು. ನನ್ನ ವಾದ ಇರುವುದು ಇಲ್ಲಿಯೇ. ನಾವು ಕಾಪಿರೈಟ್ ಎಂದ ಕೂಡಲೇ ಮೊದಲನೆಯವನನ್ನು ನೆನೆಸಿಕೊಂಡು, 'ಅಷ್ಟು ದೊಡ್ಡ ಕಂಪನಿಗೆ ನನ್ನ 400 ರೂಪಾಯಿಯಿಂದ ಏನು ಕಡಿಮೆಯಾದೀತು' ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಆ ಸಮಾಧಾನದ ನೆರಳಿನಲ್ಲಿ ಎರಡನೆಯವಳನ್ನು ಮರೆತುಬಿಡುತ್ತೇವೆ. ಕಂಪನಿಗೆ ವಕೀಲರಿದ್ದಾರೆ. 99 ರೂಪಾಯಿಯ ಪ್ಯಾಟರ್ನ್ ಬರೆದವಳು ಯಾವ ಕೋರ್ಟಿಗೆ ಹೋದಾಳು? ಅವಳಿಗೆ ಇರುವ ಒಂದೇ ಕಾವಲು ನಮ್ಮ ಮನಸ್ಸಾಕ್ಷಿ.

ಈ ಇಬ್ಬರ ನಡುವಿನ ಕಥೆ 2008ರಲ್ಲಿ ಬ್ರಿಟನ್ನಿನಲ್ಲಿ ನಡೆದಿದೆ. 'ಡಾಕ್ಟರ್ ಹೂ' ಧಾರಾವಾಹಿಯ ಅಭಿಮಾನಿಯೊಬ್ಬರು ಅದರ ವಿಚಿತ್ರ ಜೀವಿಗಳನ್ನು ಹೆಣೆಯುವ ಪ್ಯಾಟರ್ನ್ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದರು. ಬೇರೆ ಯಾರೋ ಆ ಗೊಂಬೆಗಳನ್ನು ಹೆಣೆದು ಇಬೇಯಲ್ಲಿ ಮಾರತೊಡಗಿದರು. ಬಿಬಿಸಿ ಎಚ್ಚರವಾಯಿತು, ಪ್ಯಾಟರ್ನ್‌ಗಳನ್ನು ತೆಗೆದುಹಾಕಿ ಎಂಬ ಸೂಚನೆ ಹೋದದ್ದು ಪುಕ್ಕಟೆ ಕೊಟ್ಟ ಅಭಿಮಾನಿಗೆ. ದುಡ್ಡು ಮಾಡಿಕೊಂಡವರು ಯಾರೋ, ಪತ್ರ ಬಂದದ್ದು ಯಾರಿಗೋ. ನನ್ನ 11 ಮಾರಿಯೊಗಳು ಯಾರ ತಲೆಗೆ ಬರಬಹುದಿತ್ತು ಎಂದು ಆಗ ಹೊಳೆಯಿತು.

ಮಳಮಡ್ಡಿಯಲ್ಲಿರುವ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ನನಗೆ ಕ್ರೋಶಾ ಕಲಿಸಿದವಳು ಅವಳೇ. ಅವಳ ನಿಜವಾದ ಕೈಗಾರಿಕೆ ಕಸೂತಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕೂ ಹೊಲಿಗೆ ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತವೆ. ಬಟ್ಟೆಯ ಮೇಲೆ ಗುರುತು ಹಾಕುವುದಿಲ್ಲ. ಎಳೆ ಎಣಿಸಿ ಗೋಪುರ, ತೇರು, ಆನೆ ಮೂಡಿಸುತ್ತಾಳೆ. ಅವಳು ನಕ್ಕಳು: 'ನಾ ಈ ಗೋಪುರ ಪಕ್ಕದ ಮನಿ ವೈನಿ ಸೀರಿ ನೋಡಿ ಎಣಿಸಿ ಎಣಿಸಿ ಕಲಿತೀನಿ. ಆಕಿ ಯಾರ ಸೀರಿ ನೋಡಿದ್ಲೋ. ನಮ್ಮನ್ನ ಯಾವ ಕೋರ್ಟು ಕೇಳ್ತು?'

ಈ ಪ್ರಶ್ನೆಯನ್ನು ಹಗುರ ಮಾಡುವಂತಿಲ್ಲ. ನಮ್ಮ ಅಜ್ಜಿಯಂದಿರು ಒಬ್ಬರದ್ದೊಬ್ಬರು ನೋಡಿ ಮಾಡದೇ ಹೋಗಿದ್ದರೆ ಕಸೂತಿ ಇಷ್ಟು ದೂರ ಬರುತ್ತಲೇ ಇರಲಿಲ್ಲ. ಎಲ್ಲಕ್ಕೂ ಬೇಲಿ ಹಾಕುತ್ತ ಹೋದರೆ ಕಲೆ ಸಾಯುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಅಜ್ಜಿಯ ಕಾಲದ ನಕಲಿನಲ್ಲಿ ಎರಡು ಸಂಗತಿ ಇದ್ದವು. ಕೊಟ್ಟವಳ ಮುಖ ಪಡೆದವಳಿಗೆ ಗೊತ್ತಿತ್ತು. ಮತ್ತು ಕೊಟ್ಟದ್ದರಿಂದ ಅವಳ ಅನ್ನ ಹೋಗುತ್ತಿರಲಿಲ್ಲ. ಅಜ್ಜಿಗೇ ಇನ್ನೊಂದು ಪ್ರಶ್ನೆ ಕೇಳಿದೆ: ಅಂಗಡಿಯಲ್ಲಿ ಅದೇ ಗೋಪುರವನ್ನು ಯಂತ್ರದಲ್ಲಿ ಅಚ್ಚು ಹಾಕಿ 'ಅಸಲಿ ಧಾರವಾಡ ಕಸೂತಿ' ಎಂದು ಮಾರಿದರೆ? ಅಜ್ಜಿಯ ನಗು ನಿಂತಿತು. 'ಅದು ಕಳ್ಳತನ' ಎಂದಳು. ಒಂದು ಸೀರೆಗೆ ವಾರಗಟ್ಟಲೆ ಕಣ್ಣು ಸವೆಸಿದವಳಿಗೆ ಆ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

ಅದಕ್ಕೇ ಕಸೂತಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ನಮ್ಮದೇ ಜಿಲ್ಲೆಯ ನವಲಗುಂದದ ಜಮಖಾನೆಗೂ ಇದೆ. ಜಿಐ ಕಾಯುವುದು ಹೆಸರನ್ನು. ಗೋಪುರದ ಚಿತ್ರ ಯಾರು ಬೇಕಾದರೂ ಬಿಡಿಸಬಹುದು, ಆದರೆ ಕೈಯಿಂದ ಹೊಲಿಯದ್ದಕ್ಕೆ ಕಸೂತಿಯ ಹೆಸರು ಹಚ್ಚಿ ಮಾರುವಂತಿಲ್ಲ. ಕಲಿಯುವುದಕ್ಕೆ ಬಾಗಿಲು ತೆರೆದೇ ಇದೆ. ಬೇರೆಯವರ ದುಡಿಮೆಯನ್ನು ತನ್ನದೆಂದು ಮಾರುವುದಕ್ಕೆ ಮಾತ್ರ ಬೀಗ. ಪ್ಯಾಟರ್ನ್ ವಿಷಯದಲ್ಲಿ ನಾನು ಕೇಳುತ್ತಿರುವುದೂ ಇಷ್ಟೇ.

'ನಮ್ಮ ಹತ್ತಿರ ರೊಕ್ಕ ಎಲ್ಲಿದೆ?' ಎಂದು ಗೆಳೆಯರು ಕೇಳುತ್ತಾರೆ. ವಿದೇಶಿ ಪ್ಯಾಟರ್ನ್ ಒಂದರ ಬೆಲೆಗೆ ನಾಲ್ಕು ದಿನದ ಮೆಸ್ ಊಟ ಬರುತ್ತದೆ, ನಿಜ. ಆದರೆ ಬರೆದವರೇ ಮನಸಾರೆ ಪುಕ್ಕಟೆ ಬಿಟ್ಟಿರುವ ಪ್ಯಾಟರ್ನ್‌ಗಳು ಒಂದು ಜನ್ಮಕ್ಕೆ ಮುಗಿಯದಷ್ಟಿವೆ. ಯೂಟ್ಯೂಬ್‌ನಲ್ಲಿ ಕಲಿಸುವವರಿದ್ದಾರೆ. ಮೂರ್ನಾಲ್ಕು ಗೆಳತಿಯರು ಸೇರಿ ಒಟ್ಟಿಗೆ ಕುಳಿತು ಒಬ್ಬಳು ಕೊಂಡ ಪ್ಯಾಟರ್ನ್ ನೋಡಿ ಹೆಣೆಯುವುದು ಅಜ್ಜಿಯ ಕಟ್ಟೆಯ ಹರಟೆಗೆ ಹತ್ತಿರದ್ದು. 60 ಜನರ ಗ್ರೂಪಿಗೆ ಫೈಲ್ ಎಸೆಯುವುದು ಬೇರೆ. ಮಾರಬೇಕೆಂದಿದ್ದರೆ, ಕೆಲವು ಆಟಗಳ ನಿರ್ಮಾತೃಗಳು ಅಭಿಮಾನಿಗಳು ಕೈಯಿಂದ ಮಾಡಿದ್ದನ್ನು ಸಣ್ಣ ಪ್ರಮಾಣದಲ್ಲಿ ಮಾರಲು ನಿಯಮ ಬರೆದು ಬಿಟ್ಟಿದ್ದಾರೆ. ಹತ್ತು ನಿಮಿಷ ಕೊಟ್ಟು ಅದನ್ನು ಓದಬಹುದು. ನಾಳೆ ಕೆಲಸಕ್ಕೆ ಸೇರುವ ನಮಗೆ ಈ ಅಭ್ಯಾಸ ಗೊಂಬೆಗಷ್ಟೇ ಅಲ್ಲ. ಗಿಟ್‌ಹಬ್‌ನಿಂದ ಎತ್ತಿದ ಕೋಡಿನ ಲೈಸೆನ್ಸ್ ಓದದವನು, ಸೀನಿಯರ್‌ನ ಪ್ರಾಜೆಕ್ಟ್ ರಿಪೋರ್ಟಿಗೆ ತನ್ನ ಹೆಸರು ಹಾಕುವವನು ಮಾಡುವುದೂ ಇದೇ ಕೆಲಸ. ಸಂದರ್ಶನದಲ್ಲಿ 'ಈ ಪ್ರಾಜೆಕ್ಟಿನಲ್ಲಿ ನಿಮ್ಮದು ಯಾವ ಭಾಗ?' ಎಂದು ಕೇಳಿದಾಗ ತಡವರಿಸುವವನೂ ಅವನೇ.

ನಾನು ಮಾರಿಯೊ ಮಾರುವುದನ್ನು ನಿಲ್ಲಿಸಿದೆ. ಗ್ರೂಪಿಗೆ ಹಾಕಿದ್ದ ಫೈಲ್ ಅಳಿಸಿ, ಕಾರಣ ಬರೆದೆ. ಇಬ್ಬರು ನಕ್ಕರು, ಒಬ್ಬಳು ಗ್ರೂಪ್ ಬಿಟ್ಟಳು. ಆ ಪ್ಯಾಟರ್ನನ್ನು ದುಡ್ಡು ಕೊಟ್ಟು ಕೊಂಡು, ಬರೆದವರಿಗೆ ಆಗಿದ್ದನ್ನೆಲ್ಲ ತಿಳಿಸಿ ಕ್ಷಮೆ ಕೇಳಿದೆ. ಬೈಗುಳ ಬರಬಹುದೆಂದುಕೊಂಡಿದ್ದೆ. ಎರಡು ದಿನದ ಮೇಲೆ ಉತ್ತರ ಬಂತು: ಹೇಳಿದ್ದಕ್ಕೆ ಧನ್ಯವಾದ, ಮಾರಿಯೊ ಮಾರಲು ಒಪ್ಪಿಗೆ ಕೊಡುವುದು ನನ್ನ ಕೈಯಲ್ಲಿಲ್ಲ, ಅವನು ನನ್ನವನಲ್ಲ, ಆದರೆ ನಿನ್ನ ಚಿಗರಿಯ ಪ್ಯಾಟರ್ನ್ ಎಲ್ಲಿ ಸಿಗುತ್ತದೆ, ನನಗೊಂದು ಬೇಕು.

ನನ್ನ ಚಿಗರಿಯ ಹತ್ತನೆಯ ಗಿರಾಕಿ ಅವರು. ಆ ದಿನದ 99 ರೂಪಾಯಿಗೆ ಲೈನ್ ಬಜಾರಿನ ಪೇಡೆ ತಂದೆ. ಅಜ್ಜಿ ಒಂದು ಬಾಯಿಗೆ ಹಾಕಿಕೊಂಡು, ಚಿಗರಿಯ ಕೊಂಬನ್ನು ಕನ್ನಡಕದ ಹತ್ತಿರ ಹಿಡಿದು ಸುತ್ತು ಎಣಿಸತೊಡಗಿದಳು. 'ಇದನ್ನ ಕಸೂತಿಯೊಳಗ ತರತೀನಿ' ಎಂದಳು. ಒಂದು ಕ್ಷಣ ಬಿಟ್ಟು ನನ್ನ ಮುಖ ನೋಡಿ ಕೇಳಿದಳು: 'ತರಲೇನವಾ?'