ಬೆಳಕಿನ ಔಷಧಿಯೂ ಬಾಯಿಯ ತಪಾಸಣೆಯೂ



ಅರ್ಬುದ ರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಬೆಳಕಿನಿಂದ ಕೆಲಸ ಮಾಡುವ ಔಷಧಿ ಬಂದಿದೆ, ಇನ್ನು ಅಡಿಕೆಯ ಮೇಲಿನ ಅಪವಾದ ತಾನಾಗಿ ಕಳೆಯುತ್ತದೆ ಎಂಬ ಮಾತು ನಮ್ಮಲ್ಲಿ ಕೇಳಿಬರುತ್ತಿದೆ. ಔಷಧಿ ಇರುವುದು ನಿಜ. ಅದರಿಂದ ತೆಗೆದ ತೀರ್ಮಾನ ಸರಿಯಲ್ಲ.

ಬೆಳಕು ಬಿದ್ದಾಗ ಚುರುಕಾಗುವ ಔಷಧಿ ನಮಗೆ ಹೊಸದಲ್ಲ. ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಒಡ್ಡುವುದು ನಮ್ಮ ವೈದ್ಯರಿಗೆ ಹಿಂದಿನಿಂದಲೂ ಗೊತ್ತು. ಈಗಿನ ಚಿಕಿತ್ಸೆಯಲ್ಲಿ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ರೋಗದ ಕೋಶಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡು ದಿನ ಬಿಟ್ಟು ಆ ಜಾಗಕ್ಕೆ ಕೆಂಪು ಲೇಸರ್ ಬೆಳಕು ಹಾಯಿಸಿದರೆ ಅಲ್ಲಿನ ಆಮ್ಲಜನಕ ಉಗ್ರರೂಪ ತಾಳಿ ಕೋಶಗಳನ್ನು ಕೊಲ್ಲುತ್ತದೆ. ಫೋಟೋಫ್ರಿನ್ ಎಂಬ ಇಂಥ ಔಷಧಿಗೆ ಕೆನಡಾ ದೇಶ 1993ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಆ ಬೆಳಕು ಮಾಂಸದೊಳಗೆ ಇಳಿಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಆಳಕ್ಕೆ ಬೇರುಬಿಟ್ಟ ಗಂಟನ್ನು ಅದು ಮುಟ್ಟದು. ಮೇಲಾಗಿ ಫೋಟೋಫ್ರಿನ್ ಪಡೆದವರು ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ದುಡಿದು ತಿನ್ನುವವನಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಬಗೆಯ ಔಷಧಿ, ಕೋಶ ಬೆಳೆಯುವಂತೆ ಸೂಚನೆ ಕೊಡುವ ಅಣುವನ್ನೇ ತಡೆಯುತ್ತದೆ. ಕಾಲುವೆಯ ತೂಬು ಮುಚ್ಚಿದ ಹಾಗೆ. ರಕ್ತದ ಒಂದು ಬಗೆಯ ಅರ್ಬುದಕ್ಕೆ ಕೊಡುವ ಇಮಾಟಿನಿಬ್ ಮಾತ್ರೆ ಇಂಥದು. ಅದರ ಪೇಟೆಂಟಿಗಾಗಿ ನೊವಾರ್ಟಿಸ್ ಕಂಪನಿ ಹೂಡಿದ ದಾವೆಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದರಿಂದ ದೇಶೀ ಕಂಪನಿಗಳ ಅಗ್ಗದ ಮಾತ್ರೆ ಬಡವರಿಗೆ ಉಳಿಯಿತು. ತಲೆ ಮತ್ತು ಕುತ್ತಿಗೆಯ ಅರ್ಬುದಕ್ಕೆ ಬೆಂಗಳೂರಿನ ಬಯೋಕಾನ್ 2006ರಲ್ಲಿ ನಿಮೊಟುಜುಮ್ಯಾಬ್ ಎಂಬ ತಡೆಮದ್ದನ್ನು ತಂದಿತು. ಆದರೂ ಬಾಯಿಯ ಅರ್ಬುದಕ್ಕೆ ಇಂದಿಗೂ ಮೊದಲ ಆಸರೆ ಶಸ್ತ್ರಚಿಕಿತ್ಸೆಯೇ, ಅದೂ ಬೇಗ ಕಂಡುಹಿಡಿದರೆ.

ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ತಂಬಾಕಿಲ್ಲದ ಎಲೆಯಡಿಕೆಯನ್ನೂ ರೋಗಕಾರಕವೆಂದು ಹೇಳಿದೆ. ಬೆಳೆಗಾರರಿಗೆ ಇದು ಕಹಿ. ಆದರೆ ಅಡಿಕೆ ನಮ್ಮ ಅಂಗಳದಲ್ಲೇ ಉಳಿಯುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿಯ ಸಂತೆಗೂ, ರಬಕವಿ-ಬನಹಟ್ಟಿಯ ನೇಕಾರನ ಎಲೆಸಂಚಿಗೂ ಹೋಗುತ್ತದೆ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿದ ಮೇಲೂ ಅಡಿಕೆ ಮತ್ತು ತಂಬಾಕನ್ನು ಬೇರೆ ಬೇರೆ ಕೊಂಡು ಬೆರೆಸಿ ಜಗಿಯುವುದು ನಿಂತಿಲ್ಲ. ಕೊಳ್ಳುವವನ ಬಾಯಿ ನಮಗೆ ಸಂಬಂಧವಿಲ್ಲವೆನ್ನುವುದು ಸಹಕಾರದ ಧರ್ಮವಲ್ಲ.

ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು: ಇವು ಕಂಡರೆ ತಡಮಾಡಬಾರದು. 30 ವರ್ಷ ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ.

ನಮ್ಮ ಸಂಘದ ಖರೀದಿ ಅಂಗಳದಲ್ಲಿ ವರ್ಷಕ್ಕೊಮ್ಮೆ ಬಾಯಿ ತಪಾಸಣಾ ಶಿಬಿರ ನಡೆಸಬೇಕು. ನಮ್ಮ ಮಾಲು ಹೋಗುವ ಈ ನಾಲ್ಕು ಊರುಗಳಲ್ಲಿಯೂ ಅಂಥ ಶಿಬಿರಕ್ಕೆ ಲಾಭಾಂಶದಿಂದ ಅಲ್ಪ ಮೊತ್ತ ತೆಗೆದಿಡಬೇಕು. ಬರುವ ಮಹಾಸಭೆಯಲ್ಲಿ ಈ ವಿಷಯ ಮಂಡಿಸಲಿದ್ದೇನೆ. ಸದಸ್ಯರು ಹಾಜರಿದ್ದು ಚರ್ಚಿಸಬೇಕಾಗಿ ವಿನಂತಿ.

ಕಾರ್ಯದರ್ಶಿ